ಗೋಡೆಗಂಟಿದ ಹಾಲು

ಕೊರಟಗೆರೆಯಿಂದ ಮಧುಗಿರಿಗೆ ಹೊರಡುವ ಎಂಟು ಗಂಟೆಯ ಖಾಸಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಗೌರೀಶ ತನಗೇ ತಿಳಿಯದಂತೆ ಎಣಿಸುತ್ತಿದ್ದ. ಡ್ರೈವರು ಟೀ ಕುಡಿದು ಬರುವುದಕ್ಕೆ ಎಪ್ಪತ್ತು ಸೆಕೆಂಡು ಕೊಟ್ಟಿದ್ದ. ಎಪ್ಪತ್ತು ದಾಟಿತು, ನೂರೂ ದಾಟಿತು, ಡ್ರೈವರು ಅಂಗಡಿಯವನ ಜೊತೆ ನಗುತ್ತಲೇ ನಿಂತಿದ್ದ. ಮೂರು ವರ್ಷದಿಂದ ಇದೊಂದು ಚಟ ಅಂಟಿಕೊಂಡಿತ್ತು. ನಲ್ಲಿಯಲ್ಲಿ ನೀರು ಬರುವುದಕ್ಕೆ, ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಯಾರಾದರೂ ಕೈ ಎತ್ತುವುದಕ್ಕೆ, ಮುನಿಸಿಕೊಂಡ ಹೆಂಡತಿ ಮತ್ತೆ ಮಾತಾಡುವುದಕ್ಕೆ, ಎಲ್ಲಕ್ಕೂ ಅಷ್ಟೇ ಗಡುವು. ಅದರೊಳಗೆ ಬಂದರೆ ಬದುಕಿದೆ, ದಾಟಿದರೆ ಸತ್ತೆ. ಇವತ್ತು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ಲೋಹಿತಾ ತಿರುಗಿ ನೋಡಿ, ‘ಏನ್ರೀ, ತುಟಿ ಆಡಿಸ್ತಾ ಇದ್ದೀರಾ, ಇನ್ನೂ ಪೂಜೆ ಮುಗೀಲಿಲ್ವಾ?’ ಎಂದಿದ್ದಳು. ‘ಮುಗೀತು’ ಎಂದಿದ್ದ. ಹಣೆಯಲ್ಲಿ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗ ಇರುವವನು ತುಟಿ ಆಡಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇದು ಅವನಿಗೆ ಅನುಕೂಲವಾಗಿಯೇ ಇತ್ತು.

ನಿನ್ನೆ ಸಂಜೆ ಫೋನು ಬಂದಿತ್ತು. ಕರೇಕಲ್ಲಹಟ್ಟಿಯ ಮುದ್ದಕ್ಕ. ವೈ.ಎನ್.ಹೊಸಕೋಟೆಯಿಂದ ಒಳಗೆ ಐದು ಮೈಲಿ, ಕಡ್ಲೆಕಾಯಿ ಹೊಲಗಳ ನಡುವೆ ಅರವತ್ತು ಮನೆಯ ಹಟ್ಟಿ. ಅವಳ ಗಂಡ ಬೊಮ್ಮಪ್ಪ ಅಲ್ಲಿಯ ನೀರುಗಂಟಿ, ದಿನಾ ಮೋಟರ್ ಹಾಕಿ ಟ್ಯಾಂಕು ತುಂಬಿಸಿ ಬೀದಿಗೆ ನೀರು ಬಿಡುವವನು. ‘ಮೇಷ್ಟ್ರೇ, ನಾಳೀಕೆ ಬತ್ತಾ ಇವ್ನಿ. ಮೊಮ್ಮಗಳನ್ನೂ ಕರ್ಕಂಡ್ ಬತ್ತೀನಿ. ನಿಮ್ ಕೈದೊಂದು ಸೈನ್ ಬೇಕಿತ್ತು. ನಮ್ ಬೋರಿನ ನೀರು ಇಸ್ಕೂಲಿಗೂ ಪೈಪ್ ಹಾಕಿ ಕೊಡ್ತಾರಂತೆ, ನೀರು ಚೆಂದಾಗೈತೆ ಅಂತ ನೀವು ಬರ್ಕೊಟ್ಟಿದ್ ಕಾಗ್ದ ಮೂರು ವರ್ಸದ್ದು, ಹೊಸಾದು ಬೇಕು ಅಂತವ್ರೆ.’ ಅವಳ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಆ ಕಾಗದ ಸುಳ್ಳೆಂದು ಬರೆದ ದಿನವೇ ಗೊತ್ತಿದ್ದವನು ಈ ಭೂಮಿಯ ಮೇಲೆ ಒಬ್ಬನೇ. ಅವನು ‘ಬನ್ನಿ ಬನ್ನಿ’ ಎಂದು ಫೋನಿಟ್ಟ.

ಬಸ್ಸು ಹೊರಟಿತು. ಏನು ಹೇಳಬೇಕೆಂದು ಅವನು ಆಗಲೇ ಸಿದ್ಧಮಾಡಿಕೊಂಡಿದ್ದ. ನೀರು ನೋಡೋ ಯಂತ್ರ ಕೆಟ್ಟಿದೆ ಮುದ್ದಕ್ಕ, ಈಗೆಲ್ಲ ಸರ್ಕಾರಿ ಲ್ಯಾಬಿನ ಕಾಗದವೇ ನಡೆಯೋದು, ಅಲ್ಲಿಗೆ ಕೊಡಿ. ಅವರು ಪರೀಕ್ಷೆ ಮಾಡುತ್ತಾರೆ, ಫ್ಲೋರೈಡ್ ಇದೆ ಎನ್ನುತ್ತಾರೆ, ಬೋರನ್ನು ಮುಚ್ಚುತ್ತಾರೆ. ಮೂರು ವರ್ಷದಲ್ಲಿ ಅಂತರ್ಜಲ ಇಳಿದು ಕೆಟ್ಟಿದೆ ಎಂದು ಯಾರಾದರೂ ಒಂದು ಕಾರಣ ಹೇಳುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಎಷ್ಟು ಸುಲಭ! ಇದನ್ನೇ ಮೂರು ವರ್ಷದ ಹಿಂದೆ ಮಾಡಬಹುದಿತ್ತಲ್ಲ ಎಂದು ಅನ್ನಿಸಿದ್ದೇ ಅವನಿಗೆ ಮತ್ತೆ ಆ ವಾಸನೆ ಬಂತು. ಹುಳಿಯೊಡೆಯುವ ಹಾಲಿನ ವಾಸನೆ. ಮುಂದಿನ ಸೀಟಿನ ಹೆಂಗಸಿನ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಇದೆಯೇನೋ ಎಂದು ಬಗ್ಗಿ ನೋಡಿದ. ಬದನೆಕಾಯಿ ಇತ್ತು. ಅವಳು ಸೆರಗು ಸರಿಮಾಡಿಕೊಂಡು ಅವನನ್ನು ಕೆಟ್ಟದಾಗಿ ನೋಡಿದಳು.

ಮೂರು ವರ್ಷದ ಹಿಂದೆ ಅವತ್ತೂ ಬಸ್ಸಿನ ಗಡಿಬಿಡಿಯೇ. ಹೊಸ ಬೋರಿಗೆ ಗಂಗೆಪೂಜೆ ಎಂದು ಬೊಮ್ಮಪ್ಪ ಕರೆದಿದ್ದ. ಹೋಗುವ ಅಗತ್ಯವಿರಲಿಲ್ಲ, ಆದರೆ ಪಿಎಚ್.ಡಿಗೆ ಅರವತ್ತು ಊರಿನ ನೀರು ಬೇಕಿತ್ತು, ಐವತ್ತೊಂಬತ್ತು ಆಗಿತ್ತು. ಮದಲೂರಿನ ಕೆರೆಯಿಂದ ಹಿಡಿದು ಪಾವಗಡದ ಗಡಿಯವರೆಗೆ ಬಸ್ಸಿನಲ್ಲಿ ಬಾಟಲಿ ಹೊತ್ತು ತಿರುಗಿದ್ದ. ತುಮಕೂರಿನಲ್ಲಿದ್ದ ಅವನ ಗೈಡು ಶಂಕರಲಿಂಗಪ್ಪನವರು ಎಲ್ಲರೆದುರಿಗೆ, ‘ಏನಪ್ಪಾ ಗೌರೀಶ, ನೀನು ಡಾಕ್ಟರ್ ಆಗೋದು ಯಾವಾಗ, ನಾನು ಹೋದಮೇಲಾ?’ ಎಂದು ಕೇಳಿದ್ದರು. ಜೊತೆಯವರು ನಕ್ಕಿದ್ದರು, ಇವನೂ ನಕ್ಕಿದ್ದ. ಹಟ್ಟಿಯಲ್ಲಿ ಬೋರಿನ ಪೈಪಿನ ಬಾಯಿಗೆ ಅರಿಶಿನ ಕುಂಕುಮ, ಕೆಳಗೆ ಬಾಳೆಕಂದು. ಮುದ್ದಕ್ಕ ಹಾಲು ತುಂಬಿದ ಚೊಂಬನ್ನು ಅವನ ಕೈಗಿಟ್ಟು, ‘ನೀವೇ ಹಾಕಿ ಮೇಷ್ಟ್ರೇ, ಓದ್ದೋರ ಕೈಯಾಗ್ ಹಾಕಿದ್ರೆ ಗಂಗಮ್ಮ ನಿಲ್ತಾಳೆ’ ಎಂದಳು. ಹಾಕಿದ. ಹಾಲು ಪೈಪಿನೊಳಕ್ಕೆ ಇಳಿಯಿತು, ಮೋಟರ್ ಚಾಲೂ ಆಯಿತು. ನೀರು ನುಗ್ಗಿ ಬಂದಾಗ ಹೆಂಗಸರು ಕೇಕೆ ಹಾಕಿದರು. ಹತ್ತು ನಿಮಿಷ ನೀರು ಹರಿಯಬಿಟ್ಟು ಆಮೇಲೆ ಬಾಟಲಿ ಹಿಡಿಯಬೇಕೆಂಬುದು ಅವನೇ ವಿದ್ಯಾರ್ಥಿಗಳಿಗೆ ಬರೆಸುವ ನಿಯಮ. ಒಂದು ಗಂಟೆಯ ಬಸ್ಸು ತಪ್ಪಿದರೆ ಸಂಜೆವರೆಗೆ ಬೇರೆ ಬಸ್ಸಿಲ್ಲ. ಮೊದಲ ನೀರನ್ನೇ ಹಿಡಿದ. ಬಾಟಲಿಯೊಳಗೆ ನೀರು ಮಂಜಾಗಿ ಕಂಡಿತು. ಗಾಳಿಯ ಗುಳ್ಳೆಯಿರಬೇಕು ಎಂದುಕೊಂಡ.

ಮಧುಗಿರಿ ಬಂತು. ಬೆಟ್ಟದ ಬೋಳು ಬಂಡೆಯ ಮೇಲೆ ಬಿಸಿಲು ಆಗಲೇ ಏರಿತ್ತು. ಕಾಲೇಜಿನ ಮೆಟ್ಟಿಲ ಕೆಳಗಿನ ಅವನ ಕೋಣೆಯ ಬಾಗಿಲ ಮೇಲೆ ‘ಡಾ. ಗೌರೀಶ್’ ಎಂಬ ಹಲಗೆ. ಬೀಗ ತೆಗೆಯುವಾಗ ಅದನ್ನು ಓದದೆ ಒಳಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಒಳಗೆ ಒಂದು ಮೇಜು, ಸೂಕ್ಷ್ಮದರ್ಶಕ, ಹಳೆಯ ಕಂಪ್ಯೂಟರು, ಕರೆಂಟು ಕೊಡುವ ಡಬ್ಬ, ಮತ್ತು ಬಟ್ಟೆಯ ಕೆಳಗೆ ನೀರು ಪರೀಕ್ಷಿಸುವ ಆ ಗಾಜು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಎರಡು ಗಾಜಿನ ಪಟ್ಟಿ, ನಡುವೆ ಕೂದಲೆಳೆಯಷ್ಟು ಸಣ್ಣ ಕಾಲುವೆ, ಎರಡು ತುದಿಗೆ ಎರಡು ತೂತು. ತೂತು ಕೊರೆದುಕೊಟ್ಟದ್ದು ಸಿರಾದ ಕನ್ನಡಿ ಅಂಗಡಿಯ ಸಾಬರು. ಕೊಡುವಾಗ ಕಾಗದದಲ್ಲಿ ಸುತ್ತಿ, ‘ಕೈ ಮುಟ್ಟಿಸ್ಬ್ಯಾಡಿ ಸಾಬ್, ನಿಶಾನಿ ಉಳ್ಕಂತದೆ’ ಎಂದಿದ್ದರು. ಅವರು ಹೇಳಿದ್ದು ಗಾಜಿನ ಹೊರಮೈಗೆ. ಗೌರೀಶನಿಗೆ ಭಯವಿದ್ದದ್ದು ಒಳಮೈಯದು.

ಆ ಕಾಲುವೆಯಲ್ಲಿ ನೀರನ್ನು ದೂಡುವ ಪಂಪಿಲ್ಲ. ಎರಡು ತುದಿಗೆ ಸಾವಿರ ವೋಲ್ಟ್ ಕೊಟ್ಟರೆ ನೀರು ತಾನಾಗಿ ಹೊರಡುತ್ತದೆ. ತಾನಾಗಿ ಅಲ್ಲ, ಹೊರಡಿಸುವುದು ಗೋಡೆ. ಗಾಜಿನ ಮೈಗೆ ಅದರದೇ ಒಂದು ವಿದ್ಯುತ್ ಗುಣವಿದೆ, ಅದಕ್ಕೆ ತಾಗಿಕೊಂಡ ನೀರಿನ ತೆಳುಪದರ ಕರೆಂಟಿನ ಜೊತೆ ಜಾರುತ್ತದೆ, ಉಳಿದ ನೀರನ್ನೆಲ್ಲ ತನ್ನ ಹಿಂದೆ ಕರೆದುಕೊಂಡು ಹೋಗುತ್ತದೆ. ಫ್ಲೋರೈಡಿನ ಸ್ವಭಾವ ತಿರುಗುಮುರುಗು, ಅದು ಯಾವಾಗಲೂ ಎದುರು ಈಜುತ್ತದೆ. ನೀರು ಜೋರಾಗಿದ್ದರೆ ಅದನ್ನೂ ಹೊತ್ತು ತಂದು ಆ ತುದಿಗೆ ಹಾಕುತ್ತದೆ, ಆರನೆಯ ನಿಮಿಷಕ್ಕೆ ಕಂಪ್ಯೂಟರಿನಲ್ಲಿ ಗೆರೆ ಎದ್ದು ನಿಲ್ಲುತ್ತದೆ. ಗೋಡೆಗೆ ಏನಾದರೂ ಮೆತ್ತಿಕೊಂಡಿದ್ದರೆ ನೀರಿಗೆ ಆ ಶಕ್ತಿ ಇರುವುದಿಲ್ಲ, ಫ್ಲೋರೈಡ್ ಹಿಂದಕ್ಕೇ ಹೋಗುತ್ತದೆ, ಗೆರೆ ಮಲಗಿಯೇ ಇರುತ್ತದೆ. ಇದನ್ನು ಕಂಡುಹಿಡಿಯುವುದಕ್ಕೆಂದೇ ನೀರಿಗೆ ಒಂದು ತೊಟ್ಟು ಗುಲಾಬಿ ಬಣ್ಣ ಬೆರೆಸುವುದು. ಬಣ್ಣಕ್ಕೆ ಅತ್ತ ಇತ್ತ ಇಲ್ಲ, ನೀರು ನಡೆದಂತೆ ನಡೆಯುತ್ತದೆ. ಎಪ್ಪತ್ತು ಸೆಕೆಂಡಿಗೆ ಬಂದರೆ ಗೋಡೆ ಚೊಕ್ಕಟ. ತಡವಾದರೆ ಗೋಡೆ ಮೈಲಿಗೆ. ಆ ಲೆಕ್ಕವನ್ನು ಹರಿದು ಬಿಸಾಡಿ, ಕಾಲುವೆ ತೊಳೆದು, ಹೊಸ ನೀರು ತಂದು ಮತ್ತೆ ಮಾಡಬೇಕು.

ಹಟ್ಟಿಯ ನೀರು ಹಾಕಿದ ದಿನ ಬಣ್ಣ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಬಂದಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ. ಎಪ್ಪತ್ತಾಯಿತು, ನೂರಾಯಿತು, ನೂರೈವತ್ತಾಯಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಸುಸ್ತಾದ ಗುಲಾಬಿ ಮಬ್ಬೊಂದು ತೆವಳಿಕೊಂಡು ಬಂತು. ಗೆರೆ ಏಳಲೇ ಇಲ್ಲ. ಬಾಟಲಿಯ ಮುಚ್ಚಳ ತೆಗೆದು ಮೂಸಿದಾಗ ಹುಳಿ ಹಾಲಿನ ವಾಸನೆ ಬಂತು. ಎಲ್ಲ ಅರ್ಥವಾಯಿತು. ಹಾಲು ಗಾಜಿಗೆ ಅಂಟಿದೆ. ಅರ್ಥವಾದಮೇಲೂ ಅವನು ಎದ್ದು ಹೋಗಿ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಸಿಂಕಿಗೆ ಸುರಿದು, ಬಾಟಲಿಯನ್ನು ಎರಡು ಸಲ ತೊಳೆದು, ಬೋರಲು ಹಾಕಿದ. ಕೂತು ‘ಫ್ಲೋರೈಡ್ ಪತ್ತೆಯಾಗಿಲ್ಲ’ ಎಂದು ಬರೆದ. ಸುಳ್ಳಲ್ಲವಲ್ಲ, ಪತ್ತೆಯಾಗಿಲ್ಲ ತಾನೆ ಎಂದು ತನಗೆ ತಾನೇ ಹೇಳಿಕೊಂಡು ಸಹಿ ಹಾಕಿದ. ಅರವತ್ತು ಊರು ತುಂಬಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ದೊಣ್ಣೆ ಯಾರ ತಲೆಯ ಮೇಲೆ ಬಿತ್ತೆಂಬುದನ್ನು ಆಗ ಯೋಚಿಸಲಿಲ್ಲ. ಬೊಮ್ಮಪ್ಪ ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ ಪಂಪ್‌ಹೌಸಿನ ಬಾಗಿಲಿಗೆ ಹೊಡೆದಿದ್ದಾನೆಂದೂ, ಎರಡು ಮೈಲಿ ನಡೆದು ಪಕ್ಕದೂರಿನಿಂದ ಫಿಲ್ಟರ್ ನೀರಿನ ಕ್ಯಾನು ಹೊರುತ್ತಿದ್ದ ಹೆಂಗಸರು ಅದನ್ನು ನಿಲ್ಲಿಸಿದರೆಂದೂ ಮುದ್ದಕ್ಕನೇ ಫೋನು ಮಾಡಿ ಹೇಳಿದಳು. ‘ಸೊಂಟ ಉಳಿಸ್ಬುಟ್ರಿ ಮೇಷ್ಟ್ರೇ, ನಿಮ್ಗೆ ಪುಣ್ಯ ಬರ್ಲಿ.’ ಎರಡು ತಿಂಗಳ ಮೇಲೆ ಧೈರ್ಯ ಮಾಡಿ ಹೊಸ ಬಾಟಲಿ ಹಿಡಿದು ಹೊರಟ. ಹೊಸಕೋಟೆಯಲ್ಲಿ ಇಳಿದು, ಬಸ್‌ಸ್ಟ್ಯಾಂಡಿನಲ್ಲಿ ಎರಡು ವಡೆ ತಿಂದು, ಅದೇ ಬಸ್ಸಿಗೆ ಹತ್ತಿ ವಾಪಸ್ಸು ಬಂದ. ಕಂಡಕ್ಟರು ಗುರುತು ಹಿಡಿದು, ‘ಏನ್ ಸಾರ್, ವಡೆ ತಿನ್ನಕ್ಕೆ ಬಂದಿದ್ರಾ?’ ಎಂದು ನಕ್ಕ.

‘ಇದೇನಾ ಮೇಷ್ಟ್ರೇ ನಿಮ್ ರೂಮು? ನಮ್ ಪಂಪ್‌ಹೌಸೇ ವಾಸಿ!’ ಬಾಗಿಲಲ್ಲಿ ಮುದ್ದಕ್ಕ ನಿಂತಿದ್ದಳು. ಹನ್ನೊಂದೂವರೆ ಆಗಿತ್ತು. ಬೆಳಿಗ್ಗೆ ಆರಕ್ಕೆ ಹಟ್ಟಿ ಬಿಟ್ಟು ಎರಡು ಬಸ್ಸು ಬದಲಾಯಿಸಿ ಬಂದವಳ ಮುಖದಲ್ಲಿ ಧೂಳು, ಆಯಾಸ, ಅದರ ಮೇಲೆ ನಗು. ಹಿಂದೆ ಅವಳ ಸೆರಗು ಹಿಡಿದು ಏಳು ವರ್ಷದ ಹುಡುಗಿ, ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಿತ್ತು. ಚೀಲದಿಂದ ಮುದ್ದಕ್ಕ ಒಂದೊಂದೇ ಹೊರತೆಗೆದಳು: ಹುರಿದ ಕಡ್ಲೆಕಾಯಿ, ನಾಲ್ಕು ಮೂಲೆಯಲ್ಲಿ ಮೊಳೆಯ ತೂತಿದ್ದ, ಪ್ಲಾಸ್ಟಿಕ್ ಹೊದಿಸಿದ ಆ ಕಾಗದ, ಆಮೇಲೆ ಒಂದು ಬಾಟಲಿ ನೀರು. ತನ್ನ ಸಹಿಯನ್ನು ಗೌರೀಶ ಮೂರು ವರ್ಷದ ಮೇಲೆ ನೋಡಿದ. ಚೆನ್ನಾಗಿಯೇ ಇತ್ತು, ಬಾಲ ಎಳೆದು, ಕೆಳಗೆ ಎರಡು ಚುಕ್ಕೆ ಇಟ್ಟು.

‘ಕೂತ್ಕೊಳ್ಳಿ ಮುದ್ದಕ್ಕ’ ಎಂದು ಸ್ಟೂಲು ಎಳೆದ. ನೀರು ಕೊಡಲು ಫ್ಲಾಸ್ಕಿಗೆ ಕೈ ಹಾಕಿದಾಗ ಅವಳು, ‘ನಾನೇ ಹಾಕ್ಕಂತೀನಿ, ನಿಮ್ ಲೋಟಕ್ಕೆ ಬಾಯಿ ಹಚ್ಚಲ್ಲ ಬುಡಿ’ ಎಂದು ಕಣ್ಣು ಮಿಟುಕಿಸಿದಳು. ಗೌರೀಶ ಅರ್ಥವಾಗದೆ ನೋಡಿದ. ‘ಗಂಗೆಪೂಜೆ ದಿನ ನಾನ್ ಕೊಟ್ಟಿದ್ ನೀರ್ನ ತುಟಿಗೆ ತಾಗಿಸ್ದಂಗ್ ಮಾಡಿ ಬಾಳೆಕಂದಿನ ಬುಡಕ್ಕೆ ಹುಯ್ದ್ರಲ್ಲ, ನಾನ್ ನೋಡ್ನಿಲ್ಲ ಅಂದ್ಕಂಡ್ರಾ? ಯಾರ್ಗೂ ಹೇಳ್ನಿಲ್ಲ ಕಣ್ ಬುಡಿ. ಲಿಂಗ ಕಟ್ಟಿದೋರು, ನಮ್ಮೋರ ಕೈ ನೀರು ಕುಡಿಯಲ್ಲ ಅಂತ ಸುಮ್ಕಾದೆ. ಹಾಲ್ ಹಾಕಿದ್ರಲ್ಲ, ಅಷ್ಟೇ ಸಾಕು.’ ಅವಳಿಗೆ ಅದರಲ್ಲಿ ಕಹಿ ಇರಲಿಲ್ಲ. ಗೌರೀಶನ ಕಿವಿ ಬಿಸಿಯಾಯಿತು. ಜಾತಿಯಿಂದಲ್ಲ, ನೀರಿನಲ್ಲಿ ಏನಿರುತ್ತದೋ ಎಂದು ಹೆದರಿ ಚೆಲ್ಲಿದ್ದೆ ಎನ್ನಬೇಕೆಂದುಕೊಂಡ. ಹಾಗಂದರೆ ತಾನು ಕುಡಿಯಲು ಹೆದರಿದ ನೀರನ್ನು ಅವರಿಗೆ ಕುಡಿಸಿದಂತಾಗುತ್ತದೆ. ಜಾತಿಯೆಂದೇ ತಿಳಿಯಲಿ, ಅದು ಸಣ್ಣ ಪಾಪ ಎಂದು ಸುಮ್ಮನಾದ. ಎರಡರಲ್ಲಿ ಯಾವುದು ನಿಜವೆಂದು ಅವನಿಗೂ ಖಚಿತವಿರಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

‘ಮುದ್ದಕ್ಕ, ಯಂತ್ರ ಸ್ವಲ್ಪ...’ ಎಂದು ಸಿದ್ಧಮಾಡಿಕೊಂಡ ಮಾತು ಶುರುಮಾಡಿದ.

‘ಸೈನ್ ಆಮ್ಯಾಕ್ ಆಗ್ಲಿ. ಮೊದ್ಲು ಈ ಪಾಪನ್ನ ನೋಡಿ. ತೇಜಸ್ವಿನಿ ಅಂತ ಹೆಸ್ರು, ನನ್ ಮಗಳ ಮಗಳು. ಹಾಲಲ್ಲು ಬಿದ್ದು ಹೊಸಾ ಹಲ್ಲು ಬಂದ್ವು, ಬಂದಿದ್ದೇ ಸುಣ್ಣ ಬಳ್ದಂಗೆ, ನಡುವಿಗೆ ಕಂದು ಗೆರೆ. ಇಸ್ಕೂಲಾಗೆ ತುಕ್ಕಲ್ಲು ಅಂತ ಕರೀತವಂತೆ. ಅದ್ಕೆ ಮಾತೇ ಬಿಟ್ಬುಟ್ಟೈತೆ. ನಮ್ ಹಟ್ಟಿ ಹಳೇ ಮುದುಕ್ರ ಹಲ್ಲು ಅಂಗೇ ಇದ್ವು, ಅದು ಹಳೇ ಬೋರಿನ ನೀರಿಗೆ. ಈಗ ನಿಮ್ ನೀರು ಬಂದೈತಲ್ಲ, ಅದಾಗಲ್ಲ. ಚಾಕಲೇಟಿಗೆ ಆಗಿರ್ಬೌದು ಅಂತ ಅವ್ರಮ್ಮ. ನೀವು ಓದಿರೋರು, ಏನು ಅಂತ ಹೇಳಿ.’

ನಿಮ್ಮ ನೀರು. ಹುಡುಗಿ ಕೈಯಡಿಯಿಂದಲೇ, ‘ಸಾರ್, ಉಪ್ಪಾಕಿ ಉಜ್ಜಿದ್ರೆ ಹೋಯ್ತದಾ?’ ಎಂದು ಕೇಳಿತು. ಅಷ್ಟು ಹೊತ್ತಿಗೆ ಅದು ಆಡಿದ ಮೊದಲ ಮಾತು. ಗೌರೀಶ ಯಂತ್ರ ಕೆಟ್ಟಿದೆ ಎಂಬ ಮಾತನ್ನು ಅಲ್ಲಿಗೇ ಬಿಟ್ಟ. ಎದ್ದು ಬಟ್ಟೆ ಸರಿಸಿದ. ಕಾಲುವೆ ತೊಳೆಯಲು ಕಾಸ್ಟಿಕ್ ಸೋಡಾ ಹಾಯಿಸಿದ, ನೀರು ಹಾಯಿಸಿದ, ಮತ್ತೆ ಕಾಸ್ಟಿಕ್. ಮೂರು ವರ್ಷದಲ್ಲಿ ಸಾವಿರ ಸಲ ತೊಳೆದ ಗಾಜದು, ಎಲ್ಲ ಪರೀಕ್ಷೆಗೂ ಚೊಕ್ಕಟವೆಂದೇ ಉತ್ತರ ಕೊಟ್ಟಿದ್ದ ಗಾಜು. ಆದರೂ ಪ್ರತಿ ಸಲ ಕಣ್ಣಿಡುವಾಗ ಒಳಗಡೆ ಬಿಳಿ ಪೊರೆಯೊಂದು ಕಂಡಂತಾಗುತ್ತಿತ್ತು. ಕಂಡವರಿಲ್ಲದ ಪೊರೆ, ಮೂಸಿದವರಿಲ್ಲದ ವಾಸನೆ.

‘ಇದ್ಕೆ ಮೋಟ್ರೆಲ್ಲೈತೆ?’ ಎಂದು ಮುದ್ದಕ್ಕ ಬಗ್ಗಿದಳು.

‘ಮೋಟರ್ ಇಲ್ಲ. ಕರೆಂಟು ಕೊಟ್ರೆ ನೀರೇ ನಡೆಯುತ್ತೆ.’

‘ಮೋಟ್ರಿಲ್ದಂಗೆ ನಡೀತದಾ! ನಮ್ ಹಟ್ಟಿಗೂ ಒಂದು ಹಾಕ್ಸಿಕೊಡಿ ಸ್ವಾಮಿ, ವಾರಕ್ಕೆರಡು ಸಲ ಸುಟ್ಟೋಗ್ತದೆ ಮೋಟ್ರು. ನಮ್ ಯಜಮಾನ್ರು ಮೂರೊತ್ತೂ ಅದ್ರ ಮುಂದೇನೇ.’ ಅವಳು ನಕ್ಕಳು, ಹುಡುಗಿಯೂ ಕೈಯೊಳಗೆ ನಕ್ಕಿತು. ಅವಳ ಬಾಟಲಿಯಿಂದ ಒಂದು ಹನಿ, ಒಂದು ತೊಟ್ಟು ಬಣ್ಣ. ಗೌರೀಶ ಸ್ವಿಚ್ ಒತ್ತಿದ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಎಣಿಸತೊಡಗಿದ. ಬಣ್ಣ ತಡವಾಗಲಿ ಎಂದು ಅವನ ಒಳಗೊಬ್ಬ ಬೇಡುತ್ತಿದ್ದ. ತಡವಾದರೆ ಕಾಲುವೆ ಕೆಟ್ಟಿದೆ ಎನ್ನಬಹುದು, ಸರ್ಕಾರಿ ಲ್ಯಾಬಿಗೆ ಕಳಿಸಬಹುದು, ಇವರು ಎರಡು ಗಂಟೆಯ ಬಸ್ಸು ಹತ್ತಬಹುದು. ಅರವತ್ತೊಂಬತ್ತಕ್ಕೆ ಬಣ್ಣ ಬಂತು. ನೇರವಾಗಿ, ಒಂದು ಕೂದಲೂ ಅಲುಗದಂತೆ.

ಆರು ನಿಮಿಷ ಕಾಯಬೇಕಿತ್ತು. ಮುದ್ದಕ್ಕ ಕಡ್ಲೆಕಾಯಿ ಸುಲಿದು ಮೊಮ್ಮಗಳಿಗೆ ಕೊಡುತ್ತ, ಇಸ್ಕೂಲಿಗೆ ನೀರು ಬಂದರೆ ಮಕ್ಕಳು ಮನೆಯಿಂದ ಬಾಟಲಿ ಹೊರುವುದು ತಪ್ಪುತ್ತದೆಂದು, ಎಪ್ಪತ್ತು ಮಕ್ಕಳು ಇದ್ದಾವೆಂದು, ಅಂಗನವಾಡಿಯವೂ ಸೇರಿ ತೊಂಬತ್ತಾಗಬಹುದೆಂದು ಹೇಳುತ್ತಿದ್ದಳು. ಗೌರೀಶ ಪರದೆಯ ಮೇಲಿನ ಗೆರೆಯನ್ನೇ ನೋಡುತ್ತಿದ್ದ. ಅದು ಸಪಾಟಾಗಿ ಹೋಗುತ್ತಿತ್ತು. ಐದನೆಯ ನಿಮಿಷಕ್ಕೂ ಸಪಾಟು. ಅವನಿಗೆ ಹುಚ್ಚು ಆಸೆ ಹುಟ್ಟಿತು. ಒಂದು ವೇಳೆ ನಿಜಕ್ಕೂ ಇಲ್ಲದಿದ್ದರೆ? ಹಾಲು ಅಂಟಿದ್ದೂ ನಿಜ, ನೀರು ಒಳ್ಳೆಯದಾಗಿದ್ದದ್ದೂ ನಿಜವಾಗಿದ್ದರೆ? ಮೂರು ವರ್ಷ ಸುಮ್ಮನೆ ಸುಟ್ಟುಕೊಂಡೆನೇ? ಗೆರೆ ಎದ್ದಿತು. ಏಳುತ್ತಲೇ ಹೋಯಿತು. ಪರದೆಯ ಅರ್ಧ ದಾಟಿ, ಮುಕ್ಕಾಲು ದಾಟಿ ನಿಂತು, ಮೆಲ್ಲಗೆ ಇಳಿಯಿತು.

‘ಅದೇನದು ಎದ್ದಿದ್ದು?’ ಮುದ್ದಕ್ಕ ಕೇಳಿದಳು.

‘ಫ್ಲೋರೈಡು.’

ಅವಳಿಗೆ ಆ ಮಾತು ಗೊತ್ತಿತ್ತು. ಪಾವಗಡ ಸೀಮೆಯಲ್ಲಿ ಅಕ್ಷರ ಬಾರದವರಿಗೂ ಗೊತ್ತಿರುವ ಇಂಗ್ಲಿಷ್ ಮಾತದು. ಅವಳ ಕೈಯ ಕಡ್ಲೆಕಾಯಿ ನಿಂತಿತು. ‘ಎಷ್ಟೈತೆ?’

‘ಇರಬೇಕಾದ್ದಕ್ಕಿಂತ ಮೂರು ಪಾಲು.’

‘ಮಿಸನ್ನು ಕೆಟ್ಟೈತೇನೋ. ಇನ್ನೊಂದ್ ಕಿತ ಹಾಕಿ.’ ಹಾಕಿದ. ಅರವತ್ತೊಂಬತ್ತು, ಆರು ನಿಮಿಷ, ಅದೇ ಗೆರೆ. ಮೂರನೆಯ ಸಲ ಅವಳು ಕೇಳಲಿಲ್ಲ. ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಕಾಗದದ ಕಡೆ ನೋಡಿದಳು, ಬಾಟಲಿಯ ಕಡೆ ನೋಡಿದಳು. ‘ಅವತ್ ಯಾಕೆ ಕಾಣ್ನಿಲ್ಲ ಮೇಷ್ಟ್ರೇ?’

ಕೇಳಬೇಕಾದದ್ದನ್ನೇ ಕೇಳಿದ್ದಳು. ಗೌರೀಶ ಬಾಯಿ ತೆರೆದಾಗ ಹೊರಬಂದದ್ದು ಪಾಠ ಹೇಳುವ ದನಿ. ‘ಅವತ್ತು ಪೂಜೆಗೆ ಹಾಲು ಹಾಕಿದ್ವಲ್ಲ, ಆ ಹಾಲು ಬಾಟಲಿಗೆ ಬಂದಿತ್ತು. ಈ ಕಾಲುವೆ ಗೋಡೆಗೆ ಹಾಲು ಅಂಟಿದ್ರೆ ನೀರು ಸರಿಯಾಗಿ ನಡೆಯಲ್ಲ. ನೀರು ನಡೀದಿದ್ರೆ ಫ್ಲೋರೈಡು ಈ ತುದಿಗೆ ಬರಲ್ಲ. ಅದಕ್ಕೆ ಕಾಣ್ಲಿಲ್ಲ.’ ಪ್ರತಿ ಮಾತೂ ಸತ್ಯ. ಯಾವ ಪರೀಕ್ಷಕನೂ ಇದರಲ್ಲಿ ಒಂದು ಅಂಕ ಕಡಿಮೆ ಮಾಡಲಾರ.

ಮುದ್ದಕ್ಕ ಸ್ಟೂಲಿನಿಂದ ನೆಲಕ್ಕೆ ಕುಸಿದಳು. ‘ಹಾಲಿಂದಲಾ?’ ಎಂದಳು. ‘ಹಾಲು ತಂದೋಳು ನಾನೇ ಅಲ್ವಾ ಮೇಷ್ಟ್ರೇ. ಒಂದು ಚೊಂಬು ಸಾಕು ಅಂದ್ರು ಎಲ್ರೂ. ಗಂಗಮ್ಮಂಗೆ ಕಮ್ಮಿ ಮಾಡಬಾರ್ದು ಅಂತ ನಾನೇ ಎರಡು ಚೊಂಬು ತಂದೆ. ಮನೇಗೆ ಉಳಿಸ್ದಂಗೆ ಕರುಗೂ ಬುಡ್ದಂಗೆ ತಂದೆ. ಎರಡ್ನೇದನ್ನ ಈ ಪಾಪನ್ ಕೈ ಮುಟ್ಸಿ ಹಾಕಿಸ್ದೆ. ಅಯ್ಯೋ ದೇವುಡಾ, ನನ್ ಕೈಯಾರೆ ನನ್ ಮೊಮ್ಮಗಳಿಗೆ...’ ಎರಡು ಕೈಯಿಂದಲೂ ಗಲ್ಲಕ್ಕೆ ಬಡಿದುಕೊಂಡಳು. ಆಮೇಲೆ ಅಳುವಿನ ನಡುವೆಯೇ ಅವನ ಕಡೆ ತಿರುಗಿ ಕೈ ಮುಗಿದಳು. ‘ತಪ್ಪಾಯ್ತು ಮೇಷ್ಟ್ರೇ. ನಿಮ್ ಹೆಸ್ರಿಗೂ ಮಸಿ ಹಚ್ಬುಟ್ಟೆ. ಹಟ್ಟಿಗೆ ನಾನೇ ಹೇಳ್ತೀನಿ ಬುಡಿ. ನಮ್ ಮೇಷ್ಟ್ರುದೇನೂ ಇಲ್ಲ, ಈ ಪಾಪಿ ಮುಂಡೇದು ಅಂತ ನಾನೇ ಹೇಳ್ತೀನಿ.’

ಇಷ್ಟು ಸುಲಭವಾಗಿ ಕಳಚಿಕೊಳ್ಳಬಹುದೆಂದು ಗೌರೀಶ ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಏನೂ ಮಾಡಬೇಕಾಗಿರಲಿಲ್ಲ. ಒಂದು ಸಮಾಧಾನದ ಮಾತು, ಹೋಗಲಿ ಬಿಡಿ, ಗೊತ್ತಿಲ್ಲದೆ ಆದದ್ದು ಎಂದರೆ ಸಾಕು. ಬಸ್ಸಿನಲ್ಲಿ ಕೂತು ಹೆಣೆದ ಸುಳ್ಳಿಗಿಂತ ಎಷ್ಟೋ ಗಟ್ಟಿಯಾದ ಸತ್ಯವನ್ನು ಅವಳೇ ಅವನ ಕೈಗಿಟ್ಟಿದ್ದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಯಾಗಿ ನಿದ್ದೆ ಮಾಡಬೇಕೆನ್ನಿಸಿತು. ಈ ಹಾಯನ್ನು ಕಂಡು ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಕೆಳಗೆ ಕೂತ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಇನ್ನು ಸಾಯುವವರೆಗೆ ಆ ಹುಡುಗಿ ಬಾಯಿ ತೆರೆದಾಗಲೆಲ್ಲ ಇವಳು ತನ್ನ ಎರಡನೆಯ ಚೊಂಬನ್ನು ನೆನೆಯುತ್ತಾಳೆ. ಹುಡುಗಿ ಅಜ್ಜಿಯ ಬೆನ್ನು ಸವರುತ್ತ ಅವನನ್ನೇ ನೋಡುತ್ತಿತ್ತು.

‘ಮುದ್ದಕ್ಕ, ಹಾಲಿಂದಲ್ಲ’ ಎಂದ. ‘ಹಾಲು ಬಿದ್ದಿತ್ತು, ನಿಜ. ಹಾಲು ಬಿದ್ದಿದೆ ಅಂತ ಅವತ್ತೇ ನನಗೆ ಗೊತ್ತಾಯ್ತು. ಬಣ್ಣ ಮೂರು ನಿಮಿಷ ತಡ ಬಂತು, ಹಂಗೆ ಬಂದ್ರೆ ಆ ಲೆಕ್ಕ ನಂಬಬಾರದು. ಮತ್ತೆ ಬಂದು ಬೇರೆ ನೀರು ತಗೊಂಡು ಹೋಗಬೇಕಿತ್ತು. ಬರಲಿಲ್ಲ. ಉಳಿದ ನೀರನ್ನ ನಾನೇ ಚೆಲ್ಲಿದೆ. ಗೊತ್ತಿದ್ದೂ ಬರೆದೆ ಮುದ್ದಕ್ಕ. ನನ್ನ ಓದು ಮುಗೀಬೇಕಿತ್ತು, ಬರೆದೆ.’

ಅವಳು ಅಳು ನಿಲ್ಲಿಸಿ ಮುಖವೆತ್ತಿದಳು. ‘ಅಂಗಾರೆ ನಾನಲ್ವಾ?’

‘ನೀವಲ್ಲ.’

‘ನನ್ ಹಾಲಿಂದಲ್ವಾ?’

‘ಅಲ್ಲ.’

‘ಅಪ್ಪಾ!’ ಎಂದು ಉಸಿರು ಬಿಟ್ಟಳು. ಮೂಗೊರಸಿಕೊಂಡಳು. ಒದ್ದೆಯಾದ ಮುಖದಲ್ಲಿ ನಗು ಬಂತು, ನಿಜವಾದ ನಗು. ‘ಬದುಕ್ಸಿದ್ರಿ ಮೇಷ್ಟ್ರೇ. ಎದೆ ಒಡ್ದೋಗಿತ್ತು ನಂಗೆ. ನಿಮ್ ಹೊಟ್ಟೆ ತಣ್ಣಗಿರ್ಲಿ’ ಎಂದು ಅವನಿಗೆ ಮತ್ತೆ ಕೈ ಮುಗಿದಳು. ಗೌರೀಶ ನೋಡಲಾರದೆ ಮೇಜಿನ ಅಂಚು ಹಿಡಿದುಕೊಂಡ. ಮುಗಿದ ಕೈ ಹಾಗೆಯೇ ಇತ್ತು. ಫ್ಯಾನು ಕಿರುಗುಟ್ಟುತ್ತಿತ್ತು. ಮೇಲೆ ಮೆಟ್ಟಿಲಿನಲ್ಲಿ ಹುಡುಗರು ಗದ್ದಲ ಮಾಡುತ್ತ ಇಳಿದು ಹೋದರು. ಅವಳ ಕೈ ಮೆಲ್ಲಗೆ ಬೇರೆಯಾಯಿತು. ನಗು ಎಲ್ಲಿತ್ತೋ ಅಲ್ಲಿಯೇ ಇತ್ತು, ಆದರೆ ಕಣ್ಣು ಅದನ್ನು ಬಿಟ್ಟು ಹೋಗಿತ್ತು. ಪರದೆಯ ಗೆರೆಯನ್ನು ನೋಡಿದಳು. ಕಾಗದವನ್ನು ನೋಡಿದಳು. ಕೊನೆಗೆ ಅವನನ್ನು ನೋಡಿದಳು, ಬಹಳ ಹೊತ್ತು, ಯಾರಿವನು ಎಂಬಂತೆ.

ಬೈಯಲಿ ಎಂದು ಅವನು ಕಾದ. ಅವಳು ಬೈಯಲಿಲ್ಲ. ಮೊಮ್ಮಗಳನ್ನು ಹೆಗಲು ಹಿಡಿದು ಅವನ ಎದುರಿಗೆ ತಂದು ನಿಲ್ಲಿಸಿದಳು.

‘ಕೈ ತಗೀ ಪಾಪಾ.’

ಹುಡುಗಿ ಒಲ್ಲೆ ಎಂದು ತಲೆಯಾಡಿಸಿತು. ಅವಳೇ ಆ ಕೈಯನ್ನು ಇಳಿಸಿದಳು. ‘ಬಾಯ್ ತಗೀ. ನಾಚ್ಕೋಬ್ಯಾಡ. ನಾಚ್ಕೊಳ್ಳೋದು ನೀನಲ್ಲ.’

ಹುಡುಗಿ ಬಾಯಿ ತೆರೆಯಿತು.

‘ನೋಡಿ’ ಎಂದಳು ಮುದ್ದಕ್ಕ. ಗೌರೀಶ ನೋಡಿದ. ಸಾಕು ಎಂದು ಅವಳು ಹೇಳಲಿಲ್ಲ, ಮುಚ್ಚು ಎಂದು ಮಗುವಿಗೂ ಹೇಳಲಿಲ್ಲ.